ಎಲ್ಲವನ್ನೂ ಬಲ್ಲವರ ಒಂದು ಗಂಟೆ



1964ರ ಫೆಬ್ರವರಿ 9, ಭಾನುವಾರ, ರಾತ್ರಿ 8 ಗಂಟೆ. ಅಮೆರಿಕದ ಸುಮಾರು 7.3 ಕೋಟಿ ಜನ ತಂತಮ್ಮ ಮನೆಗಳಲ್ಲಿ ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ವರು ಹುಡುಗರು ಅಂದು 'ಎಡ್ ಸುಲಿವನ್ ಶೋ'ದಲ್ಲಿ ಐದು ಹಾಡು ಹಾಡಿದರು. ಬೀಟಲ್ಸ್ ತಂಡ ಅಮೆರಿಕವನ್ನು ಗೆದ್ದ ರಾತ್ರಿ ಅದು. ಈ ಸಂಗತಿ ಎಲ್ಲರಿಗೂ ಗೊತ್ತು. ಆದರೆ ಅದೇ ಒಂದು ಗಂಟೆಯಲ್ಲಿ ಇನ್ನೂ ಏನೇನಿತ್ತು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಹಾಲೆಂಡಿನ ಜಾದೂಗಾರ ಫ್ರೆಡ್ ಕ್ಯಾಪ್ಸ್ ಇದ್ದ. ಹೆಸರಾಂತ ನಟರ ದನಿ, ಮುಖಭಾವಗಳನ್ನು ಅನುಕರಿಸುವ ಫ್ರಾಂಕ್ ಗಾರ್ಶಿನ್ ಇದ್ದ. ವೇಲ್ಸ್ ಪ್ರಾಂತದ ದಢೂತಿ ಗಾಯಕಿ ಟೆಸ್ಸಿ ಓ'ಶೇ ಹಾಡಿದಳು. 'ಆಲಿವರ್' ಎಂಬ ಸಂಗೀತ ನಾಟಕದ ತಂಡ ಒಂದು ದೃಶ್ಯ ಆಡಿತು. ಒಂದು ಹಾಸ್ಯ ಜೋಡಿ ಬಂತು. ಕೊನೆಗೆ ದೊಂಬರಾಟದ ತಂಡವೊಂದು ಲಾಗ ಹಾಕಿತು.

ಅಂದರೆ ಬೀಟಲ್ಸ್‌ಗಾಗಿ ಹುಚ್ಚೆದ್ದು ಕಾದ ಮಗಳು ಜಾದೂಗಾರನನ್ನೂ ನೋಡಬೇಕಾಯಿತು. ಹಳೆಯ ಹಾಡಿಗೆಂದು ಕುಳಿತ ಅಜ್ಜಿ, ಕೂದಲು ಇಳಿಬಿಟ್ಟ ಆ ಹುಡುಗರನ್ನೂ ಸಹಿಸಿಕೊಳ್ಳಬೇಕಾಯಿತು. ಮನೆಗೆ ಒಂದೇ ಪೆಟ್ಟಿಗೆ, ಅದರ ಮುಂದೆ ಮೂರು ತಲೆಮಾರು. ವೆರೈಟಿ ಶೋ ಎಂಬ ಪ್ರಕಾರದ ಮರ್ಮವೆಲ್ಲ ಇಷ್ಟರಲ್ಲೇ ಇದೆ. ಎಲ್ಲರಿಗೂ ಒಂದಿಷ್ಟು ಕೊಡಬೇಕು. ಎಲ್ಲರೂ ಒಂದಿಷ್ಟು ಕಾಯಬೇಕು. ಆ ಕಾಯುವಿಕೆಯಲ್ಲೇ ಒಬ್ಬರ ರುಚಿ ಇನ್ನೊಬ್ಬರಿಗೆ ಹತ್ತುತ್ತಿತ್ತು.

ಆ ಕಾರ್ಯಕ್ರಮಗಳನ್ನು ನೋಡಿ ಬೆಳೆದವರು ಇಂದಿಗೂ ಅವುಗಳನ್ನು ಅಕ್ಕರೆಯಿಂದ ನೆನೆಯುತ್ತಾರೆ. ನೆನೆಯುವಾಗ ಅವರ ಬಾಯಲ್ಲಿ ಮೊದಲು ಬರುವುದು ಕಾರ್ಯಕ್ರಮದ ಹೆಸರಲ್ಲ, ಕಲಾವಿದರ ಹೆಸರು. ಹಾಡಲೂ ಬಲ್ಲ, ಕುಣಿಯಲೂ ಬಲ್ಲ, ನಗಿಸಲೂ ಬಲ್ಲ, ಬೇಕೆಂದರೆ ಅಳಿಸಲೂ ಬಲ್ಲ ಕಲಾವಿದರು. ಅಂಥವರು ಎಲ್ಲಿಂದ ಬಂದರು? ಅವರಲ್ಲಿ ಯಾರಿಗೆ ಆ ಪೆಟ್ಟಿಗೆಯೊಳಗೆ ಪ್ರವೇಶ ಸಿಕ್ಕಿತು, ಯಾರು ಬಾಗಿಲಲ್ಲೇ ನಿಲ್ಲಬೇಕಾಯಿತು? ಕೊನೆಗೆ ಆ ಪ್ರಕಾರವೇ ಏಕೆ ಮರೆಯಾಯಿತು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸವಿನೆನಪಿನ ಹಿಂದಿರುವ ಚರಿತ್ರೆ ಕಾಣಿಸುತ್ತದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಟಿ.ವಿ.ಯಲ್ಲಿಲ್ಲ, ರಂಗಭೂಮಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ 'ವಾಡೆವಿಲ್' ಎಂಬ ರಂಗಪ್ರಕಾರ ಬೇರೂರಿತು. ಕನ್ನಡದ ವೃತ್ತಿ ನಾಟಕ ಕಂಪನಿಗಳನ್ನು ಬಲ್ಲವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂಪನಿ ನಾಟಕದಲ್ಲಿ ಹಾಡು, ಹಾಸ್ಯ, ನೃತ್ಯಗಳನ್ನು ಒಂದು ಕತೆ ಪೋಣಿಸುತ್ತದೆ. ವಾಡೆವಿಲ್‌ನಲ್ಲಿ ಕತೆಯೇ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎಂಟು ಹತ್ತು ಪ್ರದರ್ಶನಗಳು ಒಂದರ ಹಿಂದೊಂದು ಬರುತ್ತಿದ್ದವು. ಒಬ್ಬ ಹಾಡುತ್ತಾನೆ, ಇನ್ನೊಬ್ಬ ಚೆಂಡುಗಳನ್ನು ಎಸೆದು ಹಿಡಿಯುತ್ತಾನೆ, ಮೂರನೆಯವನು ನಾಯಿಗಳನ್ನು ಕುಣಿಸುತ್ತಾನೆ. ಪ್ರತಿಯೊಬ್ಬನಿಗೂ ಸಿಗುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಪ್ರೇಕ್ಷಕರನ್ನು ಗೆಲ್ಲದಿದ್ದರೆ ಮುಂದಿನ ಊರಿನಲ್ಲಿ ಕೆಲಸವಿಲ್ಲ.

ಇದು ಬಲು ನಿಷ್ಠುರವಾದ ಪಾಠಶಾಲೆ. ಇಲ್ಲಿ ಕಲಿತ ಮಕ್ಕಳಿಗೆ ಬೇರೆ ಶಾಲೆಯ ಮುಖ ಕಂಡದ್ದೇ ಕಡಿಮೆ. ಒಂದೇ ವಿದ್ಯೆ ಬಲ್ಲವನು ಬೇಗ ಮೂಲೆಗುಂಪಾಗುತ್ತಿದ್ದ. ಹಾಡಿಗೆ ಚಪ್ಪಾಳೆ ಬರದಿದ್ದರೆ ಹೆಜ್ಜೆ ಹಾಕಬೇಕು, ಹೆಜ್ಜೆಗೂ ಬರದಿದ್ದರೆ ನಗಿಸಬೇಕು. ಸಕಲಕಲಾ ಪಾರಂಗತಿ ಎಂಬುದು ಅವರಿಗೆ ಆಭರಣವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಮಾತಾಡುವ ಸಿನಿಮಾ ಮತ್ತು ರೇಡಿಯೊ ಬಂದ ಮೇಲೆ ವಾಡೆವಿಲ್ ಕುಸಿಯಿತು. ಅದರ ಕಾಶಿಯಂತಿದ್ದ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರು 1932ರಲ್ಲಿ ಸಿನಿಮಾ ಮಂದಿರವಾಯಿತು. ಕೆಲಸ ಕಳೆದುಕೊಂಡ ಕಲಾವಿದರು ರೇಡಿಯೊ, ರಾತ್ರಿ ಕ್ಲಬ್ಬು, ಬೇಸಿಗೆಯ ವಿಹಾರಧಾಮಗಳಲ್ಲಿ ಹೇಗೋ ಬದುಕಿ ಉಳಿದರು. 1948ರಲ್ಲಿ ಟಿ.ವಿ. ಎಂಬ ಹೊಸ ಪೆಟ್ಟಿಗೆಗೆ ತುಂಬಲು ಸರಕು ಬೇಕಾದಾಗ ಇವರು ಸಿದ್ಧರಾಗಿಯೇ ಇದ್ದರು.

ಆ ವರ್ಷದ ಜೂನ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಮಿಲ್ಟನ್ ಬರ್ಲ್ 'ಟೆಕ್ಸಾಕೋ ಸ್ಟಾರ್ ಥಿಯೇಟರ್' ನಡೆಸಿಕೊಟ್ಟ. ಬಾಲ್ಯದಿಂದಲೇ ರಂಗದ ಮೇಲೆ ಬೆಳೆದವನು ಆತ. ಹೆಂಗಸಿನ ವೇಷ ಹಾಕಿ ಬರುತ್ತಿದ್ದ, ಮುಖಕ್ಕೆ ಹಿಟ್ಟು ಬಳಿಸಿಕೊಳ್ಳುತ್ತಿದ್ದ, ಅತಿಥಿ ಕಲಾವಿದರ ನಡುವೆ ನುಗ್ಗಿ ಗೊಂದಲ ಎಬ್ಬಿಸುತ್ತಿದ್ದ. ಜನ ಆತನನ್ನು 'ಮಿಸ್ಟರ್ ಟೆಲಿವಿಷನ್' ಎಂದೇ ಕರೆದರು. ಮಂಗಳವಾರ ರಾತ್ರಿ ಆತನ ಕಾರ್ಯಕ್ರಮ ಮುಗಿದೊಡನೆ ಡೆಟ್ರಾಯಿಟ್ ನಗರದ ಜಲಾಶಯದಲ್ಲಿ ನೀರಿನ ಮಟ್ಟ ಇಳಿಯುತ್ತಿತ್ತಂತೆ. ಅಷ್ಟು ಹೊತ್ತು ಬಿಗಿಹಿಡಿದು ಕುಳಿತ ಊರಿಗೆ ಊರೇ ಒಟ್ಟಿಗೆ ಬಚ್ಚಲಿಗೆ ಓಡುತ್ತಿತ್ತೆಂಬ ಈ ಕತೆ ಅಮೆರಿಕದಲ್ಲಿ ಬಹು ಪ್ರಸಿದ್ಧ. 1951ರಲ್ಲಿ ಎನ್‌ಬಿಸಿ ಆತನೊಡನೆ 30 ವರ್ಷಗಳ ಕರಾರು ಮಾಡಿಕೊಂಡಿತು. ಕರಾರು 30 ವರ್ಷದ್ದಾದರೂ ಜನಪ್ರಿಯತೆ ಅಷ್ಟು ಬಾಳಲಿಲ್ಲ. 1956ರ ಹೊತ್ತಿಗೆ ಆತನ ವಾರದ ಕಾರ್ಯಕ್ರಮ ನಿಂತಿತ್ತು.

ಇದಕ್ಕೊಂದು ಕಾರಣವಿದೆ. ವಾಡೆವಿಲ್ ಕಲಾವಿದ ತನ್ನ ಹನ್ನೆರಡು ನಿಮಿಷಗಳ ಪ್ರದರ್ಶನವನ್ನು ಊರೂರಿಗೆ ಒಯ್ದು ಹತ್ತು ವರ್ಷ ಬದುಕಬಹುದಿತ್ತು. ಟಿ.ವಿ. ಅದನ್ನು ಒಂದೇ ರಾತ್ರಿಯಲ್ಲಿ ನುಂಗುತ್ತಿತ್ತು. ಇಡೀ ದೇಶ ನೋಡಿಯಾದ ಮೇಲೆ ಮುಂದಿನ ವಾರ ಮತ್ತೇನು? ಈ ಹಸಿವಿಗೆ ಎರಡು ಪರಿಹಾರಗಳು ಕಂಡವು. ಒಂದು, ವಾರವಾರವೂ ಹೊಸ ಕಲಾವಿದರನ್ನು ಕರೆತರುವುದು. ಇನ್ನೊಂದು, ಪ್ರತಿಭಾವಂತರ ಒಂದು ಖಾಯಂ ತಂಡ ಕಟ್ಟಿಕೊಂಡು ವಾರವಾರವೂ ಹೊಸ ಪ್ರಹಸನ ಬರೆಸುವುದು.

ಮೊದಲನೆಯ ದಾರಿ ಎಡ್ ಸುಲಿವನ್‌ನದು. ಈತ ನ್ಯೂಯಾರ್ಕಿನ ಪತ್ರಿಕೆಯೊಂದರ ಅಂಕಣಕಾರ. ಹಾಡಲು ಬಾರದು, ಕುಣಿಯಲು ಬಾರದು, ನಗೆಹನಿ ಹೇಳಲೂ ಬಾರದು. ವೇದಿಕೆಯ ಮೇಲೆ ಕೊರಡಿನಂತೆ ನಿಲ್ಲುತ್ತಿದ್ದ, ಅತಿಥಿಗಳ ಹೆಸರು ತಪ್ಪಾಗಿ ಹೇಳುತ್ತಿದ್ದ. ಅನುಕರಣೆ ಮಾಡುವವರಿಗೆಲ್ಲ ಆತನೇ ಒಂದು ಸರಕಾದ. ಸಕಲಕಲಾವಲ್ಲಭರ ಈ ಜಗತ್ತಿನಲ್ಲಿ ಯಾವ ಕಲೆಯೂ ಬಾರದ ಈತ 1948ರಿಂದ 1971ರ ವರೆಗೆ, 23 ವರ್ಷ, ಭಾನುವಾರದ ರಾತ್ರಿಯನ್ನು ಆಳಿದ. ಜನಕ್ಕೆ ಏನು ಬೇಕು ಎಂಬ ಪತ್ರಕರ್ತನ ಮೂಗು ಆತನಿಗಿತ್ತು. ಅಪೇರಾ ಗಾಯಕಿಯ ಬೆನ್ನಿಗೇ ತಟ್ಟೆ ತಿರುಗಿಸುವವನನ್ನು, ಅವನ ಬೆನ್ನಿಗೆ ರಾಕ್ ಹಾಡುಗಾರನನ್ನು ನಿಲ್ಲಿಸುವ ಧೈರ್ಯವಿತ್ತು. 1956ರ ಸೆಪ್ಟೆಂಬರ್ 9ರಂದು ಎಲ್ವಿಸ್ ಪ್ರೀಸ್ಲಿ ಆ ಕಾರ್ಯಕ್ರಮಕ್ಕೆ ಮೊದಲು ಬಂದಾಗ ಸುಮಾರು 6 ಕೋಟಿ ಜನ ನೋಡಿದರೆಂದು ಲೆಕ್ಕ. ಮುಂದಿನ ಜನವರಿಯಲ್ಲಿ ಮೂರನೆಯ ಸಲ ಬಂದಾಗ ಕ್ಯಾಮೆರಾ ಆತನನ್ನು ಸೊಂಟದಿಂದ ಮೇಲಕ್ಕಷ್ಟೇ ತೋರಿಸಿತು. ಸೊಂಟದ ಕೆಳಗಿನ ಕುಣಿತ ಮನೆಮಂದಿ ಕೂಡಿ ನೋಡುವಂಥದ್ದಲ್ಲ ಎಂಬುದು ಅಂದಿನ ತೀರ್ಮಾನ.

ಎರಡನೆಯ ದಾರಿ ಸಿಡ್ ಸೀಸರ್‌ನದು. 1950ರ ಫೆಬ್ರವರಿಯಿಂದ 1954ರ ಜೂನ್ ವರೆಗೆ ಪ್ರತಿ ಶನಿವಾರ ರಾತ್ರಿ 'ಯುವರ್ ಶೋ ಆಫ್ ಶೋಸ್' ಎಂಬ ತೊಂಬತ್ತು ನಿಮಿಷಗಳ ಕಾರ್ಯಕ್ರಮ ನೇರಪ್ರಸಾರವಾಗುತ್ತಿತ್ತು. ನೇರಪ್ರಸಾರ ಎಂದರೆ ತಪ್ಪಿದರೆ ತಪ್ಪಿತು, ಎರಡನೆಯ ಅವಕಾಶವಿಲ್ಲ. ಸೀಸರ್ ಜೊತೆ ಇಮೋಜಿನ್ ಕೋಕ, ಕಾರ್ಲ್ ರೈನರ್, ಹೊವರ್ಡ್ ಮಾರಿಸ್ ಇದ್ದರು. ಬರೆಯುವ ಕೋಣೆಯಲ್ಲಿ ಮೆಲ್ ಬ್ರೂಕ್ಸ್, ನೀಲ್ ಸೈಮನ್, ಲೂಸಿಲ್ ಕಾಲನ್‌ರಂಥವರು ಇದ್ದರು. ಇವರಲ್ಲಿ ಹಲವರು ಮುಂದೆ ಅಮೆರಿಕದ ನಾಟಕ, ಸಿನಿಮಾಗಳ ದಿಕ್ಕನ್ನೇ ಬದಲಿಸಿದರು.

ಸೀಸರ್‌ನ ತಂದೆತಾಯಿ ಯಹೂದಿ ವಲಸಿಗರು. ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್ ಊರಿನಲ್ಲಿ ಅವರದೊಂದು ಊಟದ ಮನೆ ಇತ್ತು. ಅಲ್ಲಿಗೆ ಇಟಲಿ, ರಷ್ಯಾ, ಪೋಲೆಂಡ್ ಮೂಲದ ಕೂಲಿಕಾರರು ಬರುತ್ತಿದ್ದರು. ಮೇಜುಗಳ ನಡುವೆ ಓಡಾಡುತ್ತಿದ್ದ ಹುಡುಗ ಅವರ ಭಾಷೆ ಕಲಿಯಲಿಲ್ಲ. ಭಾಷೆಯ ರಾಗವನ್ನು ಕಲಿತ. ಮುಂದೆ ಆತ ವೇದಿಕೆಯ ಮೇಲೆ ನಿಂತು ಹತ್ತು ನಿಮಿಷ ಫ್ರೆಂಚ್ ಮಾತಾಡಿದರೆ ಅದರಲ್ಲಿ ಒಂದು ಪದವೂ ನಿಜವಾದ ಫ್ರೆಂಚ್ ಆಗಿರುತ್ತಿರಲಿಲ್ಲ. ಆದರೂ ಫ್ರೆಂಚರೇ ನಂಬುವಂತಿರುತ್ತಿತ್ತು. ಸ್ಯಾಕ್ಸೋಫೋನ್ ವಾದಕನಾಗಿದ್ದವನಿಗೆ ಮಾತೂ ಒಂದು ಸ್ವರವೇ.

ಆತನ ಒಂದು ಪ್ರಹಸನವನ್ನು ಇಂದಿಗೂ ಜನ ನೆನೆಯುತ್ತಾರೆ. ಜರ್ಮನ್ ಸೇನಾಪತಿಯೊಬ್ಬ ಕನ್ನಡಿಯ ಮುಂದೆ ನಿಂತಿದ್ದಾನೆ. ಸೇವಕ ಅವನಿಗೆ ಸಮವಸ್ತ್ರ ತೊಡಿಸುತ್ತಿದ್ದಾನೆ. ಗುಂಡಿ ಹಾಕುವುದೇನು, ದೂಳು ಕೊಡವುವುದೇನು, ಪದಕ ಸಿಕ್ಕಿಸುವುದೇನು! ನಡುನಡುವೆ ಬೈಗುಳ, ಅದೂ ಅರ್ಥವಿಲ್ಲದ ಜರ್ಮನ್‌ನಲ್ಲಿ. ಎಲ್ಲ ಮುಗಿದ ಮೇಲೆ ಸೇನಾಪತಿ ಎದೆ ಸೆಟೆದು ಹೊರಗೆ ಬರುತ್ತಾನೆ. ಬಂದು, ಹೋಟೆಲಿನ ಬಾಗಿಲಲ್ಲಿ ನಿಂತು, ಸೀಟಿ ಊದಿ ಟ್ಯಾಕ್ಸಿ ಕರೆಯುತ್ತಾನೆ. ಅವನು ಆ ಹೋಟೆಲಿನ ದ್ವಾರಪಾಲಕ! ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆದಿರಲಿಲ್ಲ. ಯಹೂದಿ ಕಲಾವಿದನೊಬ್ಬ ಸಮವಸ್ತ್ರದ ಬಿಂಕವನ್ನು ಹೀಗೆ ನೆಲಕ್ಕಿಳಿಸಿದ್ದರಲ್ಲಿ ನಗೆಗಿಂತ ಹೆಚ್ಚಿನದೂ ಇತ್ತು.

ಈಗ ಎರಡನೆಯ ಪ್ರಶ್ನೆ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಟಿ.ವಿ. ಇದ್ದದ್ದು ಸುಮಾರು 9ರಲ್ಲಿ ಮಾತ್ರ. 1960ರ ವೇಳೆಗೆ ಅದು 87ಕ್ಕೆ ಏರಿತ್ತು. ಇಷ್ಟು ಮನೆಗಳ ನಡುಕೋಣೆಗೆ ವಾರಕ್ಕೊಮ್ಮೆ ಅತಿಥಿಯಾಗಿ ಬರುವವನು ಯಾರಾಗಿರಬೇಕು? ಇದನ್ನು ತೀರ್ಮಾನಿಸುತ್ತಿದ್ದವರು ಪ್ರೇಕ್ಷಕರಲ್ಲ, ಕಲಾವಿದರೂ ಅಲ್ಲ. ಜಾಹೀರಾತಿಗೆ ಹಣ ಕೊಡುವ ಪ್ರಾಯೋಜಕರು.

ನ್ಯಾಟ್ ಕಿಂಗ್ ಕೋಲ್ ಕಪ್ಪು ಜನಾಂಗದ ಮಹಾಗಾಯಕ. ಮೊದಲು ಜಾಝ್ ಪಿಯಾನೊ ವಾದಕನಾಗಿ ಹೆಸರು ಮಾಡಿದವನು. ಆತನ ಧ್ವನಿಮುದ್ರಿಕೆಗಳು ಬಿಳಿಯರ ಮನೆಗಳಲ್ಲೂ ಲಕ್ಷಗಟ್ಟಲೆ ಇದ್ದವು. ಆದರೆ 1948ರಲ್ಲಿ ಆತ ಲಾಸ್ ಏಂಜಲಿಸ್‌ನ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ನೆರೆಹೊರೆಯವರು ಪ್ರತಿಭಟಿಸಿದ್ದರು. 1956ರ ಏಪ್ರಿಲ್‌ನಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆತ ಹಾಡುತ್ತಿದ್ದಾಗಲೇ ಕೆಲವರು ವೇದಿಕೆಗೆ ನುಗ್ಗಿ ಹಲ್ಲೆ ಮಾಡಿದ್ದರು. ಅದೇ ವರ್ಷ ನವೆಂಬರ್ 5ರಂದು ಎನ್‌ಬಿಸಿಯಲ್ಲಿ 'ನ್ಯಾಟ್ ಕಿಂಗ್ ಕೋಲ್ ಶೋ' ಆರಂಭವಾಯಿತು. ಮೊದಲು 15 ನಿಮಿಷ, ಮುಂದಿನ ವರ್ಷ ಅರ್ಧ ಗಂಟೆ.

ಕಾರ್ಯಕ್ರಮ ಸೊಗಸಾಗಿತ್ತು. ಆದರೆ ದೇಶವ್ಯಾಪಿ ಪ್ರಾಯೋಜಕ ಒಬ್ಬನೂ ಸಿಗಲಿಲ್ಲ. ದಕ್ಷಿಣದ ರಾಜ್ಯಗಳ ಗಿರಾಕಿಗಳು ತಮ್ಮ ಸರಕನ್ನು ಬಹಿಷ್ಕರಿಸಿಯಾರು ಎಂಬ ಅಂಜಿಕೆ ಕಂಪನಿಗಳಿಗೆ. ಎಲ್ಲ ಫಿಟ್ಸ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ, ಪೆಗಿ ಲೀ ಮೊದಲಾದ ದೊಡ್ಡ ಕಲಾವಿದರು ತಮ್ಮ ಎಂದಿನ ಸಂಭಾವನೆ ಬಿಟ್ಟು, ಸಂಘದ ಕನಿಷ್ಠ ದರಕ್ಕೆ ಬಂದು ಹಾಡಿದರು. ಎನ್‌ಬಿಸಿ ಒಂದು ವರ್ಷ ತನ್ನ ಕೈಯಿಂದಲೇ ಖರ್ಚು ಹಾಕಿತು. ಕೊನೆಗೆ ಬೇರೊಂದು ವೇಳೆಗೆ ಕಾರ್ಯಕ್ರಮವನ್ನು ಸರಿಸುವ ಮಾತು ಬಂದಾಗ ಕೋಲ್ ತಾನೇ ಸಾಕೆಂದ. 1957ರ ಡಿಸೆಂಬರ್ 17 ಕೊನೆಯ ಪ್ರಸಾರ. ಮರುವರ್ಷ 'ಎಬನಿ' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಆತ ದೂಷಿಸಿದ್ದು ಪ್ರೇಕ್ಷಕರನ್ನಲ್ಲ, ಜಾಹೀರಾತು ಉದ್ಯಮವನ್ನು.

ಸುಲಿವನ್ ಈ ವಿಷಯದಲ್ಲಿ ಹೆಚ್ಚು ಗಟ್ಟಿಗ. ಲೂಯಿ ಆರ್ಮ್‌ಸ್ಟ್ರಾಂಗ್, ಪರ್ಲ್ ಬೈಲಿ, ಮುಂದೆ ಸುಪ್ರೀಮ್ಸ್ ತಂಡ ಹೀಗೆ ಕಪ್ಪು ಕಲಾವಿದರನ್ನು ಆಕ್ಷೇಪಗಳ ನಡುವೆಯೂ ಕರೆತಂದ. ಆದರೆ ಅತಿಥಿಯಾಗಿ ಬಂದು ಹಾಡಿ ಹೋಗುವುದು ಬೇರೆ, ಮನೆಯ ಯಜಮಾನನಾಗಿ ನಿಂತು ಸ್ವಾಗತಿಸುವುದು ಬೇರೆ. 1968ರಲ್ಲಿ ಕೂಡ ಇಂಗ್ಲೆಂಡಿನ ಗಾಯಕಿ ಪೆಟುಲ ಕ್ಲಾರ್ಕ್ ಹಾಡುತ್ತ ಹಾಡುತ್ತ ಬೆಲಫಾಂಟೆಯ ತೋಳು ಮುಟ್ಟಿದಳೆಂದು ಪ್ರಾಯೋಜಕ ಕಾರು ಕಂಪನಿಯ ಪ್ರತಿನಿಧಿ ಗದ್ದಲ ಎಬ್ಬಿಸಿದ. ಆ ಭಾಗವನ್ನು ಬದಲಿಸಲು ಆಕೆ ಒಪ್ಪಲಿಲ್ಲ. ಇದ್ದದ್ದು ಇದ್ದಂತೆಯೇ ಪ್ರಸಾರವಾಯಿತು.

ಬಹುಮುಖ ಪ್ರತಿಭೆ ಎಂಬ ಮಾತಿಗೆ ಒಬ್ಬನೇ ಒಬ್ಬನ ಹೆಸರು ಹೇಳಬೇಕೆಂದರೆ ಸ್ಯಾಮಿ ಡೇವಿಸ್ ಜೂನಿಯರ್ ಹೆಸರು ಹೇಳಬೇಕು. 1925ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ. ಎಳೆಯ ಮಗುವಾಗಿದ್ದಾಗಲೇ ತಂದೆಯೊಡನೆ, ವಿಲ್ ಮಾಸ್ಟಿನ್ ಎಂಬಾತನ ತಂಡದಲ್ಲಿ, ವಾಡೆವಿಲ್ ವೇದಿಕೆ ಏರಿದ. ಆತ ಹಾಡುತ್ತಿದ್ದ; ಟ್ಯಾಪ್ ನೃತ್ಯ ಮಾಡುತ್ತಿದ್ದ; ಡ್ರಮ್, ಟ್ರಂಪೆಟ್, ವೈಬ್ರಫೋನ್ ನುಡಿಸುತ್ತಿದ್ದ; ಹತ್ತಾರು ನಟರ ದನಿ ಅನುಕರಿಸುತ್ತಿದ್ದ; ಕೌಬಾಯ್‌ಗಳಂತೆ ಬೆರಳ ಮೇಲೆ ಪಿಸ್ತೂಲು ತಿರುಗಿಸುತ್ತಿದ್ದ. 1954ರ ನವೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ಎಡಗಣ್ಣು ಹೋಯಿತು. ಒಂದೇ ಕಣ್ಣಿನವನಿಗೆ ದೂರದ ಅಂದಾಜು ಸಿಗುವುದು ಕಷ್ಟ. ನರ್ತಕನಿಗಂತೂ ಅದು ದೊಡ್ಡ ಪೆಟ್ಟು. ಆತ ಮತ್ತೆ ಹೆಜ್ಜೆ ಕಲಿತು ಕೆಲವೇ ತಿಂಗಳಲ್ಲಿ ವೇದಿಕೆಗೆ ಮರಳಿದ.

ಅಂಥವನಿಗೂ ಟಿ.ವಿ.ಯಲ್ಲಿ ಸ್ವಂತ ಮನೆ ಸಿಕ್ಕಿದ್ದು 1966ರ ಜನವರಿಯಲ್ಲಿ. ಸಿಕ್ಕಾಗಲೂ ಒಂದು ವಿಚಿತ್ರ ನಡೆಯಿತು. ಬೇರೊಂದು ವಾಹಿನಿಗಾಗಿ ಮಾಡಿಕೊಟ್ಟಿದ್ದ ವಿಶೇಷ ಕಾರ್ಯಕ್ರಮದ ಕರಾರಿನ ದೆಸೆಯಿಂದ, ಮೊದಲ ವಾರದ ನಂತರ ಕೆಲವು ವಾರ ಆತ ತನ್ನ ಹೆಸರಿನ ಕಾರ್ಯಕ್ರಮದಲ್ಲೇ ಕಾಣಿಸಿಕೊಳ್ಳುವಂತಿರಲಿಲ್ಲ! ಸ್ಯಾಮಿ ಇಲ್ಲದ ಸ್ಯಾಮಿ ಡೇವಿಸ್ ಶೋ ಏಪ್ರಿಲ್ ಹೊತ್ತಿಗೆ ಮುಗಿದೇ ಹೋಯಿತು.

ಕೋಲ್‌ಗೆ ತೆರೆಯದ ಬಾಗಿಲು ಪೂರ್ತಿ ತೆರೆದದ್ದು 1970ರಲ್ಲಿ, ಫ್ಲಿಪ್ ವಿಲ್ಸನ್‌ಗೆ. ಜರ್ಸಿ ಸಿಟಿಯ ಕಡುಬಡವರ ಮನೆಯಲ್ಲಿ ಹುಟ್ಟಿ, ಪರರ ಮನೆಗಳಲ್ಲಿ ಬೆಳೆದ ಹುಡುಗ ಆತ. ದೊಡ್ಡ ದೊಡ್ಡ ಸೆಟ್ಟುಗಳನ್ನು ಕಿತ್ತೊಗೆದು, ಸುತ್ತಲೂ ಪ್ರೇಕ್ಷಕರು ಕುಳಿತ ದುಂಡು ವೇದಿಕೆಯ ಮೇಲೆ ಆತ ಕತೆ ಹೇಳುತ್ತಿದ್ದ. 'ಜೆರಾಲ್ಡಿನ್' ಎಂಬ ಬಾಯಿಬಡುಕಿ ಹೆಣ್ಣಿನ ಪಾತ್ರ ಹಾಕಿದರೆ ದೇಶವೇ ನಗುತ್ತಿತ್ತು. ಮೊದಲ ಎರಡು ವರ್ಷ ಆತನ ಕಾರ್ಯಕ್ರಮ ಇಡೀ ಅಮೆರಿಕದಲ್ಲಿ ಜನಪ್ರಿಯತೆಯ ಎರಡನೆಯ ಸ್ಥಾನದಲ್ಲಿತ್ತು. ಕೋಲ್‌ನ ಕೊನೆಯ ಪ್ರಸಾರಕ್ಕೂ ಇದಕ್ಕೂ ನಡುವೆ ಇದ್ದದ್ದು ಹದಿಮೂರು ವರ್ಷ. ಕೋಲ್ ಅದನ್ನು ನೋಡಲು ಬದುಕಿರಲಿಲ್ಲ, 1965ರಲ್ಲೇ ತೀರಿಕೊಂಡಿದ್ದ.

ಬಣ್ಣದ ಅಡ್ಡಿಯಂತೆಯೇ ಹೆಣ್ಣೆಂಬ ಅಡ್ಡಿಯೂ ಇತ್ತು. ಕೆರಲ್ ಬರ್ನೆಟ್ ಕತೆ ಅದನ್ನು ಹೇಳುತ್ತದೆ. 1933ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಈಕೆಯ ತಂದೆತಾಯಿ ಇಬ್ಬರೂ ಕುಡಿತಕ್ಕೆ ಬಲಿಯಾದವರು. ಹಾಲಿವುಡ್ಡಿನ ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಈಕೆಯನ್ನು ಸಾಕಿದಳು. 1962ರಲ್ಲಿ ಸಿಬಿಎಸ್ ವಾಹಿನಿ ಈಕೆಯೊಡನೆ ಮಾಡಿಕೊಂಡ ಹತ್ತು ವರ್ಷಗಳ ಕರಾರಿನಲ್ಲಿ ಒಂದು ವಿಚಿತ್ರ ಷರತ್ತಿತ್ತು. ಮೊದಲ ಐದು ವರ್ಷಗಳೊಳಗೆ ಈಕೆ ಕೇಳಿದರೆ, ವಾಹಿನಿ ಒಂದು ಗಂಟೆಯ 30 ವೆರೈಟಿ ಕಾರ್ಯಕ್ರಮಗಳನ್ನು ಕೊಡಲೇಬೇಕು. ಐದು ವರ್ಷ ಮುಗಿಯುವ ಹೊತ್ತಿಗೆ ಈಕೆ ಫೋನು ಮಾಡಿ ಕೇಳಿಯೇಬಿಟ್ಟಳು. ವೆರೈಟಿ ಎಂಬುದು ಗಂಡಸರ ಆಟ, ನಿನಗೆ ಕೌಟುಂಬಿಕ ಹಾಸ್ಯ ಧಾರಾವಾಹಿಯೊಂದನ್ನು ಕೊಡುತ್ತೇವೆ ಎಂದು ಅಧಿಕಾರಿಯೊಬ್ಬ ಹೇಳಿದ್ದನ್ನು ಆಕೆ ಮುಂದೆ ಅನೇಕ ಸಲ ನೆನೆದಿದ್ದಾಳೆ. ಆಕೆ ಪಟ್ಟು ಬಿಡಲಿಲ್ಲ. 1967ರ ಸೆಪ್ಟೆಂಬರ್ 11ರಂದು ಶುರುವಾದ 'ಕೆರಲ್ ಬರ್ನೆಟ್ ಶೋ' 1978ರ ಮಾರ್ಚ್ 29ರ ವರೆಗೆ ಹನ್ನೊಂದು ಋತು ನಡೆಯಿತು. 25 ಎಮ್ಮಿ ಪ್ರಶಸ್ತಿಗಳನ್ನು ಗೆದ್ದಿತು.

ಅಲ್ಲಿನ ತಂಡವನ್ನೇ ನೋಡಿ. ಹಾರ್ವಿ ಕಾರ್ಮನ್ ಗಂಭೀರ ನಾಟಕಗಳಿಗಾಗಿ ತರಬೇತಾದ ನಟ. ವಿಕಿ ಲಾರೆನ್ಸ್ ಪ್ರೌಢಶಾಲೆಯ ಹುಡುಗಿಯಾಗಿದ್ದಾಗ, ತಾನು ನೋಡಲು ನಿಮ್ಮಂತೆಯೇ ಇದ್ದೇನೆ ಎಂದು ಕಾಗದ ಬರೆದು ಬಂದವಳು. ವಯಸ್ಸಿನಲ್ಲಿ ಬರ್ನೆಟ್‌ಗಿಂತ ಹದಿನಾರು ವರ್ಷ ಚಿಕ್ಕವಳು; ಆದರೆ 1974ರಿಂದ ಬಂದ ಪ್ರಹಸನಮಾಲೆಯಲ್ಲಿ ಆಕೆಯೇ ಬರ್ನೆಟ್‌ಳ ಮುದಿ ತಾಯಿ! ನೋಡುವವರಿಗೆ ಒಂದು ಕ್ಷಣವೂ ಅನುಮಾನ ಬರುತ್ತಿರಲಿಲ್ಲ. ಟಿಮ್ ಕಾನ್ವೇ ಇನ್ನೊಂದು ಬಗೆ. ಶುಕ್ರವಾರ ಎರಡು ಸಲ ಪ್ರೇಕ್ಷಕರ ಮುಂದೆ ಚಿತ್ರೀಕರಣ. ಮೊದಲನೆಯದರಲ್ಲಿ ಆತ ಬರೆದುಕೊಟ್ಟಂತೆ ನಟಿಸುತ್ತಿದ್ದ. ಎರಡನೆಯದರಲ್ಲಿ ಯಾರಿಗೂ ಹೇಳದೆ ಹೊಸದೇನನ್ನೋ ಸೇರಿಸುತ್ತಿದ್ದ. ಆತ ಹೊಸ ದಂತವೈದ್ಯನಾಗಿ ಬರುವ ಪ್ರಹಸನದಲ್ಲಿ ಮರಗಟ್ಟುವ ಮದ್ದಿನ ಸೂಜಿಯನ್ನು ತನ್ನ ಕೈಗೇ, ಆಮೇಲೆ ಕಾಲಿಗೇ ಚುಚ್ಚಿಕೊಳ್ಳುತ್ತಾನೆ. ರೋಗಿಯ ಕುರ್ಚಿಯಲ್ಲಿ ಕುಳಿತ ಕಾರ್ಮನ್ ನಗು ತಡೆಯಲಾರದೆ ಮುಖ ಮುಚ್ಚಿಕೊಂಡು ಒದ್ದಾಡುವುದು ಇಂದಿಗೂ ದೃಶ್ಯಮುದ್ರಿಕೆಯಲ್ಲಿದೆ.

ವಸ್ತ್ರವಿನ್ಯಾಸಕಾರ ಬಾಬ್ ಮ್ಯಾಕಿಯನ್ನೂ ಮರೆಯುವಂತಿಲ್ಲ. 1976ರ ನವೆಂಬರ್‌ನಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರ ರಾಷ್ಟ್ರೀಯ ವಾಹಿನಿಯಲ್ಲಿ ಮೊದಲ ಬಾರಿಗೆ ಪ್ರಸಾರವಾಯಿತು. ಬಡತನ ಬಂದ ನಾಯಕಿ ಕಿಟಕಿಯ ಹಸಿರು ಪರದೆಯನ್ನು ಕಿತ್ತು ಉಡುಪು ಹೊಲಿಸಿಕೊಳ್ಳುವ ದೃಶ್ಯ ಅದರಲ್ಲಿದೆ. ವಾರ ಕಳೆಯುವುದರೊಳಗೆ ಬರ್ನೆಟ್ ತಂಡದ ಅಣಕ ಬಂತು. ಮೆಟ್ಟಿಲ ಮೇಲೆ ಕಾಣಿಸಿಕೊಂಡ ಬರ್ನೆಟ್ ಪರದೆಯನ್ನು ಮಾತ್ರವಲ್ಲ, ಅದನ್ನು ತೂಗುಹಾಕಿದ್ದ ಕೋಲನ್ನೂ ಹೆಗಲ ಮೇಲೆ ಹೊತ್ತು ತಂದಿದ್ದಳು! ಕೋಲನ್ನು ಸೇರಿಸಿದ್ದು ಮ್ಯಾಕಿಯ ಉಪಾಯ. ಆ ಉಡುಪು 2009ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು.

ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ಬರ್ನೆಟ್ ತನ್ನ ಕಿವಿಯನ್ನು ಒಮ್ಮೆ ಎಳೆದುಕೊಳ್ಳುತ್ತಿದ್ದಳು. ಲಕ್ಷಾಂತರ ಜನಕ್ಕೆ ಅದೊಂದು ಮೋಜಿನ ಗುರುತು. ಆದರೆ ಅದು ಶುರುವಾದದ್ದು ಒಬ್ಬಳಿಗಾಗಿ. ಮೊದಲ ಸಲ ಟಿ.ವಿ.ಗೆ ಬಂದಾಗ, ನೋಡುತ್ತಿರುವ ಅಜ್ಜಿಗೆ ತಾನು ಕ್ಷೇಮವಾಗಿದ್ದೇನೆ, ನಿನ್ನನ್ನು ನೆನೆದಿದ್ದೇನೆ ಎಂದು ತಿಳಿಸಲು ಮಾಡಿಕೊಂಡ ಸಂಜ್ಞೆ ಅದು. ಅಜ್ಜಿ ತೀರಿಕೊಂಡ ಮೇಲೂ ಆಕೆ ಅದನ್ನು ಬಿಡಲಿಲ್ಲ.

ಹೀಗೆ ಮೆರೆದ ಪ್ರಕಾರ ಏಕೆ ಅಳಿಯಿತು? ಇದು ಮೂರನೆಯ ಪ್ರಶ್ನೆ. ಕಲಾವಿದರ ಕೊರತೆ ಒಂದು ಕಾರಣ. ವಾಡೆವಿಲ್ ಎಂಬ ಪಾಠಶಾಲೆ ಮುಚ್ಚಿ ನಾಲ್ಕು ದಶಕ ಕಳೆದಿತ್ತು. ಅಲ್ಲಿ ಕಲಿತವರು ಮುದುಕರಾಗಿದ್ದರು. ಆದರೆ ಹೆಚ್ಚಿನ ಕಾರಣ ಲೆಕ್ಕಾಚಾರದ್ದು. ಎಷ್ಟು ಜನ ನೋಡುತ್ತಾರೆ ಎಂದು ಕೇಳುತ್ತಿದ್ದ ಜಾಹೀರಾತುದಾರರು 1970ರ ಸುಮಾರಿಗೆ ಯಾರು ನೋಡುತ್ತಾರೆ ಎಂದು ಕೇಳತೊಡಗಿದರು. ಅವರಿಗೆ ಬೇಕಾದದ್ದು ನಗರವಾಸಿ ಯುವಕರು, ಕೈಯಲ್ಲಿ ಕಾಸು ಓಡಾಡುವವರು. ಇಡೀ ಮನೆ ಕುಳಿತು ನೋಡುವ ಕಾರ್ಯಕ್ರಮದಲ್ಲಿ ಅಜ್ಜ ಅಜ್ಜಿಯರೂ ಇರುತ್ತಾರಲ್ಲ! ಸರ್ಕಸ್ ವಿದೂಷಕನ ಮಗನಾಗಿ ಹುಟ್ಟಿ ಇಪ್ಪತ್ತು ವರ್ಷ ಟಿ.ವಿ.ಯಲ್ಲಿ ನಗಿಸಿದ ರೆಡ್ ಸ್ಕೆಲ್ಟನ್‌ನನ್ನು ಸಿಬಿಎಸ್ 1970ರಲ್ಲಿ ಕೈಬಿಟ್ಟಿತು. 1971ರಲ್ಲಿ ಸುಲಿವನ್ ಸರದಿ.

ಖರ್ಚಿನ ಮಾತೂ ಇತ್ತು. ವೆರೈಟಿ ಶೋ ಎಂದರೆ ವಾದ್ಯವೃಂದ, ನರ್ತಕರು, ವಾರಕ್ಕೆ ಹತ್ತಾರು ಹೊಸ ಉಡುಪು, ಹೊಸ ಸೆಟ್ಟು. ಇಷ್ಟೆಲ್ಲ ಮಾಡಿದರೂ ಮರುಪ್ರಸಾರದಲ್ಲಿ ಧಾರಾವಾಹಿಗೆ ಸಿಗುವ ಬೆಲೆ ಇದಕ್ಕಿಲ್ಲ. ಆ ಹೊತ್ತಿಗೆ ಮನೆಯೂ ಬದಲಾಗಿತ್ತು. ಮಕ್ಕಳ ಕೋಣೆಗೊಂದು ಟಿ.ವಿ., ಅಡುಗೆಮನೆಗೊಂದು ಟಿ.ವಿ. ಬಂತು. ಕೇಬಲ್ ಬಂತು, ಕೈಗೆ ರಿಮೋಟ್ ಬಂತು. ಇಷ್ಟವಿಲ್ಲದ ಹಾಡು ಮುಗಿಯಲಿ ಎಂದು ಯಾರೂ ಕಾಯಬೇಕಾಗಿರಲಿಲ್ಲ. ಬರ್ನೆಟ್ 1978ರಲ್ಲಿ, ವಾಹಿನಿ ಸಾಕೆನ್ನುವ ಮೊದಲು ತಾನೇ ತೆರೆ ಎಳೆದಳು. ಈಚೆಗೆ, 2015 ಮತ್ತು 2016ರಲ್ಲಿ, ಎನ್‌ಬಿಸಿ ಎರಡು ಹೊಸ ವೆರೈಟಿ ಕಾರ್ಯಕ್ರಮಗಳನ್ನು ಪ್ರಯೋಗಿಸಿ ನೋಡಿತು. ಎರಡೂ ಒಂದೊಂದು ಋತುವಿಗೆ ನಿಂತವು.

ಉಳಿದಿರುವುದೆಷ್ಟು? ಮೊದಲ ವರ್ಷಗಳ ನೇರಪ್ರಸಾರವನ್ನು ಉಳಿಸಿಕೊಳ್ಳಲು ಇದ್ದದ್ದು ಒಂದೇ ಉಪಾಯ: ಟಿ.ವಿ. ಪರದೆಯ ಎದುರು ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರಿಸಿಕೊಳ್ಳುವುದು. 1956ರಲ್ಲಿ ವಿಡಿಯೋ ಟೇಪು ಬಂದ ಮೇಲೆ ಕೂಡ ಟೇಪು ದುಬಾರಿ ಎಂದು ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುತ್ತಿದ್ದರು. ಸಿಡ್ ಸೀಸರ್‌ನ ಕಾರ್ಯಕ್ರಮದ ನಿರ್ಮಾಪಕ ಮ್ಯಾಕ್ಸ್ ಲೀಬ್‌ಮನ್ ತನ್ನ ಫಿಲ್ಮು ಪ್ರತಿಗಳನ್ನು ಜೋಪಾನ ಮಾಡಿದ್ದರಿಂದ, 1973ರಲ್ಲಿ ಹತ್ತು ಪ್ರಹಸನಗಳನ್ನು ಜೋಡಿಸಿ ಸಿನಿಮಾ ಮಾಡಲು ಸಾಧ್ಯವಾಯಿತು. ಜೋಪಾನ ಮಾಡುವವರಿಲ್ಲದ ಎಷ್ಟೋ ರಾತ್ರಿಗಳು ನೋಡಿದವರ ನೆನಪಿನಲ್ಲಿ ಮಾತ್ರ ಉಳಿದವು, ಅವರೊಡನೆಯೇ ಹೋಗುತ್ತಿವೆ.

ಹಾಗೆಂದು ಆ ಕಾಲವನ್ನು ಬರೀ ಹೊಗಳುವುದೂ ಸಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಅದೇ ಪೆಟ್ಟಿಗೆ, ಯಾರನ್ನೂ ನೋಯಿಸಬಾರದೆಂಬ ನೆಪದಲ್ಲಿ ಕೋಲ್‌ನಂಥವನನ್ನು ಹೊರಗಿಟ್ಟಿತು. ಯುದ್ಧವನ್ನು ಟೀಕಿಸಿದ ಸ್ಮದರ್ಸ್ ಸೋದರರ ಕಾರ್ಯಕ್ರಮವನ್ನು 1969ರಲ್ಲಿ ನಿಲ್ಲಿಸಿತು. ಇಂದು ಯಾರು ಬೇಕಾದರೂ ತಮ್ಮ ಕಲೆಯನ್ನು ಜಗತ್ತಿಗೆ ತೋರಿಸಬಹುದು. ಪ್ರಾಯೋಜಕನ ಅಪ್ಪಣೆ ಕೇಳಬೇಕಾಗಿಲ್ಲ. ಬಾಗಿಲುಗಳು ಹೆಚ್ಚಾದವು, ನಡುಕೋಣೆ ಮಾತ್ರ ಕಾಣೆಯಾಯಿತು.

1989ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸ್ಯಾಮಿ ಡೇವಿಸ್‌ನ ರಂಗಜೀವನದ ಅರವತ್ತನೆಯ ವರ್ಷವನ್ನು ಆಚರಿಸಿದರು. ಗಂಟಲ ಕ್ಯಾನ್ಸರಿನಿಂದ ಆತ ಹಾಡುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು ಇತರರು ಹಾಡುವುದನ್ನು ಕೇಳುತ್ತಿದ್ದ. ಅಷ್ಟರಲ್ಲಿ ನರ್ತಕ ಗ್ರೆಗರಿ ಹೈನ್ಸ್ ಟ್ಯಾಪ್ ಮಾಡುತ್ತ ಬಂದು ಆತನನ್ನು ವೇದಿಕೆಗೆ ಕರೆದ. ಬಡಕಲಾಗಿದ್ದ ಆ ಮನುಷ್ಯ ನೃತ್ಯದ ಬೂಟು ಹಾಕಿಕೊಂಡು ಎದ್ದು ನಿಂತ. ಒಬ್ಬ ಹಾಕಿದ ಹೆಜ್ಜೆಗೆ ಇನ್ನೊಬ್ಬ ಹೆಜ್ಜೆಯಲ್ಲೇ ಉತ್ತರ ಕೊಟ್ಟ. ಮುಗಿದಾಗ ಹೈನ್ಸ್ ಬಾಗಿ ಆ ಬೂಟಿಗೆ ಮುತ್ತಿಟ್ಟ.

ಆರು ತಿಂಗಳ ನಂತರ, 1990ರ ಮೇ 16ರಂದು, ಸ್ಯಾಮಿ ತೀರಿಕೊಂಡ. ಹಾಡು ಹೋದಾಗ ಹೆಜ್ಜೆ ಹಾಕಬೇಕು ಎಂಬ ವಾಡೆವಿಲ್‌ನ ಪಾಠವನ್ನು ಆತ ಕೊನೆಯವರೆಗೂ ಮರೆತಿರಲಿಲ್ಲ.